ಎಲ್ಲಿಂದ ಐದು?

ಗ್ಯುಮ್ರಿಯಲ್ಲಿ ಮಾರ್ಚಿಗೂ ಕಿಟಕಿಗೆ ಮಂಜು ಮೆತ್ತಿರುತ್ತದೆ.
ಶಾಲೆಯ ಹಿಂದಿನ ತಗಡಿನ ಕೋಣೆಯಲ್ಲಿ
ಅರವತ್ತು ಮೊಟ್ಟೆ, ಒಂದು ಬಲ್ಬು,
ಮೊಟ್ಟೆ ಹೊರಳಿಸಲೆಂದು ನಾನೂ ಹ್ರಾಯರನೂ ಕೂಡಿಸಿದ ಮೋಟಾರು.
ತಿರುಗಲೊಲ್ಲದು.

ಐದು ವೋಲ್ಟಿನ ಬೋರ್ಡು ಹೇಳುತ್ತಲೇ ಇದೆ: ತಿರುಗು, ತಿರುಗು.
ಹನ್ನೆರಡರ ಬ್ಯಾಟರಿ, ಅವನ ಮಾವನ ನಿವಾ ಕಾರಿನದು,
ತುಂಬಿಕೊಂಡು ಕೂತಿದೆ.
ನಡುವೆ ಹದಿನಾರು ಕಾಲಿನ ಚಿಪ್ಪು
ಯಾರ ಮಾತೂ ಕಿವಿಗೆ ಬೀಳದ ಹಾಗೆ.
ಬೆರಳು ತಾಕಿದರೆ ಮಾತ್ರ ಬೆಚ್ಚಿಬಿದ್ದು
ಅರ್ಧ ಸುತ್ತಿಸಿ ಸುಮ್ಮನಾಗುತ್ತದೆ.

ಇದರ ಮುಂಚಿನದು ನಿನ್ನೆ ಸತ್ತಿತು.
ಎರಡು ಕೆಂಪು ತಂತಿಗಳನ್ನೂ ಒಟ್ಟಿಗೆ ಹೊಸೆದವಳು ನಾನೇ,
ಶಕ್ತಿ ಕೂಡಲಿ ಅಂತ.
ಕೂಡಿತು.
ಸುಟ್ಟ ಉಗುರಿನಂಥ ವಾಸನೆ ಇನ್ನೂ ನನ್ನ ಉಣ್ಣೆ ಟೋಪಿಯಲ್ಲಿದೆ.

ಅರ್ಶಾಲುಯ್ಸ್ ಅಜ್ಜಿ ಬಂದರು. ಈಗ ಶಾಲೆಯ ಬೀಗದ ಕೈ ಅವರದು,
ಹಿಂದೆ ಕಾಲುಚೀಲದ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ.
ಮೀಟರಿನ ಎರಡೂ ಕಡ್ಡಿ ಎತ್ತಿ ಹಿಡಿದು ಕೇಳಿದರು:
"ಐದು ಐದು ಅಂತೀಯಲ್ಲ ನ್ವಾರ್ದ್,
ಎಲ್ಲಿಂದ ಐದು?"

ಸಂಖ್ಯೆ ಅಂದರೆ ಸಂಖ್ಯೆ ಅಂದುಕೊಂಡಿದ್ದೆ.

"ಕೆಂಪುಗಳು ಬೇರೆ ಬೇರೆ ಒಲೆ ಹೂಡಲಿ, ತಪ್ಪಿಲ್ಲ.
ಕಪ್ಪು ಒಂದಾಗಬೇಕು.
ನಿನ್ನ ಸೊನ್ನೆ ಬ್ಯಾಟರಿಯ ಸೊನ್ನೆಯೂ ಆಗದೆ
ನಿನ್ನ ಐದು ಅಲ್ಲಿ ಬರೀ ಗಾಳಿ.
ಮೊದಲು ನೆಲ ಕೂಡಿಸು."

ಹ್ರಾಯರ್ ನಕ್ಕ:
"ಈ ಊರಲ್ಲಿ ನೆಲವನ್ನು ನಂಬೋದಾ, ಅಜ್ಜಿ?"

ನಾನು ಅವನ ಕಾಲು ತುಳಿದೆ.

ನಾವು ಹುಟ್ಟುವ ಎಷ್ಟೋ ಮೊದಲು, ಆ ಡಿಸೆಂಬರಿನಲ್ಲಿ
ಕಾರ್ಖಾನೆ ನೆಲಕಚ್ಚಿದಾಗ
ಅವರು ಫ್ಯೂಸ್ ತರಲೆಂದು ಬೀದಿ ದಾಟಿದ್ದರಂತೆ.
ಆ ಫ್ಯೂಸು ಇಂದಿಗೂ ಕೋಟಿನ ಜೇಬಿನಲ್ಲಿದೆ ಅನ್ನುತ್ತಾರೆ,
ಕಂಡವರಿಲ್ಲ.

ಅಜ್ಜಿ ಉತ್ತರ ಕೊಡಲಿಲ್ಲ.
ಗೇಣುದ್ದ ಕಪ್ಪು ತಂತಿ ತೆಗೆದು
ತುದಿಯ ತೊಗಲನ್ನು ಹಲ್ಲಿನಲ್ಲಿ ಕಚ್ಚಿ ಸುಲಿದು
ಬೋರ್ಡಿನ ಸೊನ್ನೆಯಿಂದ ಬ್ಯಾಟರಿಯ ಸೊನ್ನೆಗೆ,
ಅಲ್ಲಿಂದ ಚಿಪ್ಪಿನ ನಡುವಿನ ನಾಲ್ಕು ಕಾಲಿಗೆ.

ಮೋಟಾರು ಕೆಮ್ಮಿತು.
ತಟ್ಟೆ ವಾಲಿತು, ಅರವತ್ತೂ
ನಿದ್ದೆಯಲ್ಲಿರುವವರ ಹಾಗೆ ಒಂದೇ ಮಗ್ಗುಲಿಗೆ ಹೊರಳಿದವು.
ಹ್ರಾಯರ್ ಕೂಗಿದ. ನಾನೂ ಕೂಗಿದೆನೇನೋ.

ಅಜ್ಜಿ ಮಾತ್ರ ಚಿಪ್ಪಿನ ಬೆನ್ನಿಗೆ ಬೆರಳಿಟ್ಟು,
ಆಮೇಲೆ ಆ ತಂತಿಯನ್ನೂ ಮುಟ್ಟಿ ನೋಡಿದರು. ಬಿಸಿ.
"ಇನ್ನೂ ದಪ್ಪನೆಯದು ಹುಡುಕು," ಅಂದರು,
"ಹೋದದ್ದೆಲ್ಲ ಇದರಲ್ಲೇ ಮರಳಬೇಕು."