ಲೆಕ್ಕಕ್ಕುಂಟು, ಆಟಕ್ಕಿಲ್ಲ

ಆ ಪತ್ರ ಬರೆದವಳು ನಾನೇ.
ಭದ್ರಾವತಿ, ಹಳೇನಗರ, ಸರ್ಕಾರಿ ಶಾಲೆ,
ಐದನೇ ತರಗತಿಯ ಸಬೀಹಾ ಎಂಬ ಹುಡುಗಿ
ಹುಣಸೆಬೀಜ ಕೈಯಿಂದ ಜಾರುವ ಮೊದಲೇ
ಎಷ್ಟು ಬೀಳುತ್ತದೆಂದು ಹೇಳುತ್ತಾಳೆ,
ದಯವಿಟ್ಟು ಯಾರಾದರೂ ಬಂದು ನೋಡಿ ಎಂದು.
ಒಂದು ಸ್ಕಾಲರ್‌ಶಿಪ್ ಸಿಗಲಿ ಅಂತಿತ್ತು ಮನಸ್ಸಲ್ಲಿ,
ಹೆಚ್ಚೆಂದರೆ ಒಂದು ಸೈಕಲ್ಲು.

ಬಂದದ್ದು ನಾಲ್ಕು ದೇಶ.

ಮುಚ್ಚಿದ ಕಾಗದದ ಕಾರ್ಖಾನೆಗೆ ಹೊಸ ಬೀಗ, ಹೊಸ ಬಣ್ಣ,
ನಾಲ್ಕು ಬಾವುಟ, ಒಂದೇ ಎತ್ತರ
(ಟೇಪು ಹಿಡಿದು ಅಳೆದದ್ದನ್ನು ನಾನು ನೋಡಿದ್ದೇನೆ).
ಮಕ್ಕಳು ಯಾರೊಬ್ಬರಿಗೂ ಸೇರಬಾರದು,
ಹಾಗಾಗಿ ಎಲ್ಲರಿಗೂ ಸೇರಬೇಕು.
ಒಪ್ಪಂದದ ಹದಿನೇಳನೇ ಪುಟದಲ್ಲಿ
ಯುರೇನಿಯಂ, ಜಲಸಂಧಿ, ಮೀನಿನ ಹಕ್ಕುಗಳ ಕೆಳಗೆ
ಸಬೀಹಾ. ಶಿಕಾರಿಪುರದ ಹುಚ್ಚರಾಯ.
ಸಾಗರದ ಜೆಸಿಂತಾ. ಹೊಳೆಹೊನ್ನೂರಿನ ಹಾಲೇಶ.
ನಾಲ್ವರೂ ಈ ಒಂದೇ ಜಿಲ್ಲೆಯಲ್ಲಿ ಯಾಕೆ ಅಂತ
ಭದ್ರೆಯ ನೀರು ಬಾಟಲಿಗೆ ತುಂಬಿಕೊಂಡು ಹೋದರು.
ಉತ್ತರ ಬರಲಿಲ್ಲ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ
ಚಿಕ್ಕವರನ್ನು ನಾವು ಜೊತೆಗೆ ಸೇರಿಸಿಕೊಳ್ಳುತ್ತಿದ್ದೆವು.
ಇಲ್ಲಿ ತಿರುಗಾಮುರುಗಾ.

ದಿನಾ ಸಂಜೆ ನಕಾಶೆ ಬಿಚ್ಚಿ ಕೇಳುವರು:
ಈ ಹಡಗು ನಾಡಿದ್ದು ಎಲ್ಲಿ?
ಹಾಲೇಶ ಒಂದು ಬಂದರಿನ ಮೇಲೆ ಬೆರಳಿಟ್ಟ.
ಮೂರು ದಿನಕ್ಕೆ ಆ ಬಂದರು ಇರಲಿಲ್ಲ.
ಅವತ್ತು ರಾತ್ರಿ, ನಿಯೋಜನೆಯ ಮೇಲೆ ಬಂದ
ಲೆಕ್ಕದ ಟೀಚರನ್ನು ಎಬ್ಬಿಸಿ ಕೇಳಿದ,
‘ಆಗೋದಿತ್ತು ಅಂತ ನಾನು ಹೇಳಿದ್ನಾ ಟೀಚರ್,
ನಾನು ಹೇಳ್ದೆ ಅಂತ ಆಯ್ತಾ?’
ಹೊದ್ದುಕೋ, ಚಳಿ, ಅಂದೆ.

ಮಾರನೇ ರಾತ್ರಿ ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಬಿತ್ತು.
ಚೌಕಾಬಾರ. ಇಪ್ಪತ್ತೈದು ಮನೆ, ನಾಲ್ಕು ಮೂಲೆಗೆ ನಾಲ್ವರು.
ಕಾಯಿ ಹಣ್ಣಾಗಬೇಕಾದರೆ ಒಳಮನೆಗೆ ಹೋಗಬೇಕು,
ಒಬ್ಬರನ್ನಾದರೂ ಕಡಿಯದೆ ಒಳಮನೆಗೆ ದಾರಿಯಿಲ್ಲ.
ಬೆಳಗಾಗುವವರೆಗೆ ಆಡಿದರು. ಯಾರೂ ಯಾರನ್ನೂ ಕಡಿಯಲಿಲ್ಲ.
ಕಟ್ಟೆಯಿಂದ ಕಟ್ಟೆಗೆ, ಸುತ್ತಿ ಸುತ್ತಿ,
ಹಸಿಗಾಯಿಗಳು.
ಚಿತ್ರೀಕರಿಸಿ ನಾಲ್ಕೂ ರಾಜಧಾನಿಗೆ ಕಳಿಸಿದರಂತೆ.
ಒಂದು ಕಡೆ ಇದರ ಮೇಲೆ ಇನ್ನೂರು ಪುಟದ ವರದಿ ಆಯಿತು.

ಆಮೇಲೆ ಏನು ಕೇಳಿದರೂ, ಗೊತ್ತಿಲ್ಲ.
ಜೆಸಿಂತಾ ತಣ್ಣಗೆ, ಗೊತ್ತಿಲ್ಲ.
ಹುಚ್ಚರಾಯ ಮೂಗು ಒರೆಸುತ್ತ, ಗೊತ್ತಿಲ್ಲ ಸಾರ್.
ಆರು ವಾರ.

ಕೊನೆಗೆ ನನ್ನನ್ನೇ ಕರೆದರು: ಪರೀಕ್ಷೆ ಮಾಡಿ,
ನಟನೆಯೋ, ನಿಜವಾಗಿ ಹೋಯಿತೋ, ಸಹಿ ಹಾಕಿ ಕೊಡಿ.

ಕೆಂಪು ಪೆನ್ನು ಹಿಡಿದು ಕೂತೆ.
ಏಳೆಂಟ್ಲೆ ಐವತ್ನಾಲ್ಕು, ಅಂತ ಹಾಲೇಶ.
ಬರದ ಮಕ್ಕಳ ತಪ್ಪಿಗೊಂದು ಒರಟುತನ ಇರುತ್ತದೆ,
ಮೂವತ್ತು ವರ್ಷ ತಿದ್ದಿದ ಕೈಗೆ ಅದು ಗೊತ್ತು.
ಇವು ಉಜ್ಜಿ ನಯ ಮಾಡಿದ ತಪ್ಪುಗಳು.
ಇಂಟು ಗುರುತು ಹಾಕಿದೆ. ಇನ್ನೊಂದು. ಮತ್ತೊಂದು.
ಮೂರನೇ ಪುಟಕ್ಕೆ ಕೈ ನಿಂತಿತು:
ಇಂಟು ಹಾಕಿದ ಮನೆಯೇ ಅಲ್ಲವೇ ಕಟ್ಟೆ?
ಅಲ್ಲಿ ಕೂತ ಕಾಯನ್ನು ಯಾರು ಕಡಿಯುತ್ತಾರೆ?

ಹಾಕುತ್ತ ಹೋದೆ.
ಸಬೀಹಾ ಮರೆತು ಸರಿ ಬರೆದಿದ್ದ ಎರಡು ಉತ್ತರಕ್ಕೂ
ಹಾಕಿದೆ.
ಮೂವತ್ತೈದು, ನಲವತ್ತೊಂದು, ಮೂವತ್ತೆಂಟು.
ಹುಚ್ಚರಾಯ ಇಪ್ಪತ್ತೊಂಬತ್ತು, ಫೇಲು.
ಅವನದು ಯಾವಾಗಲೂ ಸ್ವಲ್ಪ ಜಾಸ್ತಿ.

ಷರಾ: ಸಾಮಾನ್ಯ ಮಕ್ಕಳು.
ಸಹಿ.

ಬಾವುಟ ಇಳಿದವು. ಅದಕ್ಕೂ ಟೇಪು ಹಿಡಿದರೋ ಏನೋ.
ಆ ಹಡಗುಗಳು ಈಗ ಎಲ್ಲಿವೆ, ನಾನು ರೇಡಿಯೋ ಹಾಕಿಲ್ಲ.
ಯಾವ ಊರಲ್ಲೋ ಇನ್ನೊಬ್ಬ ಟೀಚರು
ಒಳ್ಳೆಯ ಮನಸ್ಸಿನಿಂದ, ದುಂಡಗಿನ ಅಕ್ಷರದಲ್ಲಿ
ಪತ್ರ ಬರೆಯುತ್ತಿರಬಹುದು. ಅವರ ವಿಳಾಸ ನನಗೆ ಗೊತ್ತಿಲ್ಲ.

ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ
ಅಪ್ಪನಿಗೆ ಕಾಯುತ್ತ ಸಬೀಹಾ
ಅಂಗೈಯಲ್ಲಿ ಬೀಜ ಕುಲುಕಿದಳು,
ತುಟಿ ಅಲುಗಿತು: ಬಾರಾ.

ಬೀಳುವ ಮೊದಲೇ ನಾನು
ಬಸ್ಸಿನ ಬೋರ್ಡು ಓದತೊಡಗಿದೆ,
ಜೋರಾಗಿ, ಒಂದೊಂದೇ ಅಕ್ಷರ.