ಹೊಟ್ಟಿನ ಹಾಸು

ಪೀಣ್ಯ ಎರಡನೇ ಹಂತ. ಬೆಳಗಿನ ನಾಲ್ಕೂಕಾಲು.
ತೊಟ್ಟಿಯೊಳಗೆ ಮುನ್ನೂರು ಕಿಲೋ ಬಾರ್ಲಿ
ನೆಂದು, ಬೆಂದು, ದಣಿದು ಕೂತಿದೆ.
ಮುಚ್ಚಳ ತೆಗೆದರೆ ಮುಖಕ್ಕೇ ಹೊಡೆಯುತ್ತದೆ
ಹುರಿಹಿಟ್ಟಿನ ವಾಸನೆ. ಕನ್ನಡಕ ಪೂರಾ ಮಂಜು.

ಮೊದಲ ಗ್ಲಾಸು ಹಿಡಿದೆ.
ಬಗ್ಗಡ. ಕೆರೆ ಏರಿ ಒಡೆದ ದಿನದ ನೀರು.
ಇದನ್ನು ಚೆಲ್ಲುವಂತಿಲ್ಲ, ಮುಂದಕ್ಕೂ ಬಿಡುವಂತಿಲ್ಲ;
ಕೆಳಗೆ ಹಿಡಿದು ಮತ್ತೆ ನೆತ್ತಿಯ ಮೇಲೇ ಸುರಿಯಬೇಕು,
ಎಳೆಗೂಸಿಗೆ ನೀರು ಹೊಯ್ದ ಹಾಗೆ,
ಹಾಸು ಕದಡದ ಹಾಗೆ.

ಹೊಸ ಹುಡುಗ ಇಮ್ತಿಯಾಜ್ ಕೇಳಿದ:
"ಜರಡಿ ಎಲ್ಲಿ ಮೇಡಂ? ಬಟ್ಟೆ?"
ತಳದಲ್ಲೊಂದು ಸೀಳುಬಿಟ್ಟ ತಟ್ಟೆ ಇದೆ, ಅಷ್ಟೆ.
ಸೋಸುವುದು ಸಿಪ್ಪೆಯ ಕೆಲಸ.
ತನ್ನ ಕೆಸರನ್ನು ತಾನೇ ತಡೆಯುತ್ತದೆ ಕಾಳು,
ಸಮಯ ಕೊಟ್ಟರೆ.
ತಲೆಯಾಡಿಸಿದ. ನಂಬಲಿಲ್ಲ.

ನಾನು ಫೋನಿನಲ್ಲಿದ್ದಾಗ ವಾಲ್ವು ಪೂರಾ ತಿರುಗಿಸಿದ್ದ.
ಎಳೆದ ರಭಸಕ್ಕೆ ಹಾಸು ಕುಸಿದು ಇಟ್ಟಿಗೆ.
ಒಂದು ಹನಿ ಇಲ್ಲ. ಒಣಗಂಟಲಲ್ಲಿ ಕಿರುಚಿತು ಪಂಪು.
ಬೈಯಲು ಬಾಯಿ ತೆರೆದೆ,
ಬಂದದ್ದು ಅಮ್ಮನ ಮಾತು.
ಬಸ್ಸಾರಿಗೆ ಸೊಪ್ಪು ಬಸಿಯುವಾಗ
ನಾನು ಸೌಟಿನಿಂದ ಒತ್ತಿದರೆ ಅನ್ನುತ್ತಿದ್ದಳು:
"ಹಿಂಡಬೇಡ್ವೆ, ಒಗರು ಬರ್ತದೆ.
ಬಿಡು, ತಾನೇ ಇಳಿಯುತ್ತೆ."
ಕುಡುಕರ ಮನೆಯ ನೀರೂ ಮುಟ್ಟದವಳು.
ನನ್ನದು 'ಬಿಸ್ಕತ್ತು ಫ್ಯಾಕ್ಟರಿ' ಎಂದೇ
ನೆಂಟರಿಗೆಲ್ಲ ಹೇಳಿಕೊಂಡು ತೀರಿಹೋದಳು.

ಪಂಪು ನಿಲ್ಲಿಸಿದೆವು. ಅಡಿಯಿಂದ ಬಿಸಿನೀರು ಏರಿಸಿ
ಹಾಸನ್ನು ಮೆಲ್ಲಗೆ ಎಬ್ಬಿಸಿದೆವು,
ಹುಟ್ಟಿನಿಂದ ಮೇಲುಮೇಲೆ ಗೀರಿದೆವು,
ಕಾದೆವು. ರಿಂಗ್ ರೋಡಿನಲ್ಲಿ ಲಾರಿಗಳು ಶುರುವಾದವು.
ಮತ್ತೆ ಮೊದಲಿನಿಂದ. ಎರಡನೇ ಗ್ಲಾಸು. ಐದನೆಯದು.

ಏಳನೆಯದರ ಹಿಂದೆ ನಿನ್ನೆಯ ಪೇಪರು ಹಿಡಿದೆ.
ಜೇನುಬಣ್ಣದ ಆಚೆಯಿಂದ
ಒಂದೊಂದೇ ಅಕ್ಷರ ಎದ್ದು ಬಂತು.
ಕೂಡಿಸಿ ಕೂಡಿಸಿ ಓದಿದ ಇಮ್ತಿಯಾಜ್:
"ಗುರು...ವಾರ... ಕಾವೇರಿ... ನೀರು... ಇಲ್ಲ."
ಆಮೇಲೆ, "ತಿಳೀತು ಮೇಡಂ" ಅಂದ.
ರಸವೋ, ವಿಷಯವೋ, ನಾನು ಕೇಳಲಿಲ್ಲ.

ಆರೂವರೆಗೆ ಟೆಂಪೋ ತಂದ ಮುನಿಹನುಮಯ್ಯ.
ಮಾದನಾಯಕನಹಳ್ಳಿಯಲ್ಲಿ ಹನ್ನೊಂದು ಹಸು ಅವನಿಗೆ.
ಹಬೆಯಾಡುವ ಹೊಟ್ಟು ತುಂಬಿಕೊಂಡು,
ಒಂದು ಚಿಟಿಕೆ ಬಾಯಿಗೆ ಹಾಕಿ ಜಗಿದ:
"ಸಿಹಿಯೆಲ್ಲ ನೀವೇ ಬಸ್ಕೊಂಡ್ಬಿಟ್ರಲ್ಲಮ್ಮ!"

ಉಗಿಯಲಿಲ್ಲ. ನುಂಗಿದ.