ನಾಲ್ಕಿಲ್ಲದ ಪಟ್ಟಿ

ಶಿಂಚುವಿನ ಗಾಳಿ ಅಂದು ಕಿಟಕಿಗೆ ಭುಜ ಕೊಟ್ಟು ತಳ್ಳುತ್ತಿತ್ತು.
ಬಿಳಿ ಹಲಗೆಯ ಮೇಲೆ ಮೂರು ಚೌಕ ಎಳೆದು
ಒಳಗೆ ಬರೆದೆ: ಮೂರು, ಐದು, ಎಂಟು.
ನಮ್ಮ ಹೊಸ ಲ್ಯಾಪ್‌ಟಾಪುಗಳ ಹೆಸರು ಅಷ್ಟೇ, ಬರೀ ಅಂಕಿ.

ನಾಲ್ಕು ಬೇಡವೆಂದಿದ್ದರು ಪೆಂಗ್ ಸಾಹೇಬರು.
ಈ ಊರಿನ ಬಾಯಲ್ಲಿ ನಾಲ್ಕಕ್ಕೂ ಸಾವಿಗೂ
ಕೂದಲೆಳೆಯಷ್ಟೇ ಅಂತರ.
ಆಸ್ಪತ್ರೆಯ ಲಿಫ್ಟಿನಲ್ಲೂ ಇಲ್ಲದ ಅಂಕಿಯನ್ನು
ಮಡಿಲ ಮೇಲೆ ಯಾರು ತಾನೇ ಕೂರಿಸಿಕೊಳ್ಳುತ್ತಾರೆ?
ಬೆಲೆಯಲ್ಲೂ ಬೇಡ, ಅಂದರು.
ಇಪ್ಪತ್ತನಾಲ್ಕು ಸಾವಿರದ ಒಂಬೈನೂರು
ಒಂದೇ ಉಸಿರಿಗೆ ಇಪ್ಪತ್ತೈದು ಸಾವಿರದ ಒಂಬೈನೂರಾಯಿತು.
ಆ ಒಂದು ಸಾವಿರ ಯಾರ ಬೆವರೂ ಅಲ್ಲ;
ಅಂಜಿಕೆಗೆ ಹುಟ್ಟಿದ ಲಾಭ.

ಕಸುಬಿನ ಗುಟ್ಟು, ಹೇಳಿಬಿಡುತ್ತೇನೆ.
'ಮೂರು' ಇರುವುದು ಮಾರಲಿಕ್ಕಲ್ಲ,
ಜನರನ್ನು ಅಂಗಡಿಯ ಹೊಸ್ತಿಲು ದಾಟಿಸಲಿಕ್ಕೆ.
'ಎಂಟು' ಇರುವುದು ಗಾಜಿನ ಪೆಟ್ಟಿಗೆಯಲ್ಲಿ,
ಬೆಲೆಚೀಟಿ ತಿರುಗಿಸಿದವರು ತುಟಿ ಕಚ್ಚಲಿಕ್ಕೆ.
ತುಟಿ ಕಚ್ಚಿ ಒಂದು ಹೆಜ್ಜೆ ಹಿಂದಿಟ್ಟರೆ
ಮಂಡಿಯ ಹಿಂದೆ ತಾಗುತ್ತದೆ 'ಐದು'.
ಕೂರುತ್ತಾರೆ. ತಾವೇ ಆರಿಸಿದೆವೆಂದು ಬೀಗುತ್ತಾರೆ.
ಕುರ್ಚಿ ಹಾಕಿಟ್ಟವನು ನಾನು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ನಾವೋ, ಕಾಲಳೆದು ಹಾಸಿಗೆ ಕತ್ತರಿಸುವವರು:
ವಿದ್ಯಾರ್ಥಿಯ ಕಾಲು, ಗುಮಾಸ್ತೆಯ ಕಾಲು,
ಕಂಪನಿಯ ದುಡ್ಡಲ್ಲಿ ಕೊಳ್ಳುವವನ ಕಾಲು
(ಅದನ್ನು ಅಳೆಯುವ ಟೇಪು ಇನ್ನೂ ಬಂದಿಲ್ಲ).

ಜೋಡಣೆಯ ಸಾಲು ನೋಡಲು ಕೆಳಗಿಳಿದ ದಿನ
ಫಾನ್ ರುಯಿ-ಚಿನ್ ಕೈಯಲ್ಲಿ ಚಿಮಟ, ಕಣ್ಣಿಗೆ ಭೂತಗಾಜು.
ಮೂರಕ್ಕೂ ಐದಕ್ಕೂ ಒಳಗಿನ ಹಲಗೆ ಒಂದೇ,
ಚಿಪ್ಪು ಒಂದೇ, ಫ್ಯಾನು ಒಂದೇ.
'ಮೂರ'ರಲ್ಲಿ ಮಾತ್ರ ಎಳ್ಳುಕಾಳಿನಷ್ಟು ಒಂದು ರೋಧಕ
ಹೆಚ್ಚಿಗೆ ಕೂರಿಸಬೇಕು,
ಅರ್ಧ ಮಿದುಳು ಮಲಗಿರಲಿ ಎಂದು.

"ಇದಕ್ಕೆ ಹನ್ನೊಂದು ಸೆಕೆಂಡು ಜಾಸ್ತಿ ಹಿಡಿಯುತ್ತೆ,"
ಅಂದಳು ತಲೆ ಎತ್ತದೆ.
"ಕಡಿಮೆ ಬೆಲೆಯದ್ದಕ್ಕೇ ಹೆಚ್ಚು ಕೆಲಸ. ಲೆಕ್ಕ ಸರಿಯಿದೆಯಾ?"
ಸರಿಯಿದೆ, ಅಂದೆ. ಮೇಲೆ ಸರಿಯಿತ್ತು.

ಅವಳ ತವರು ಶಿನ್ಪು.
ಒಂಬತ್ತನೇ ತಿಂಗಳ ಗಾಳಿಗೆ ಪರ್ಸಿಮನ್ ಹಣ್ಣು ಸುಲಿದು
ಬಿದಿರ ತಟ್ಟೆಗಳಲ್ಲಿ ಒಣಗಿಸುವ ಮನೆಗಳ ಸಾಲು.
"ನಮ್ಮಲ್ಲೂ ಮೂರು ಬುಟ್ಟಿ ಇಡುತ್ತಿದ್ದೆವು," ಅಂದಳು,
"ದೊಡ್ಡದು, ನಡುವಿನದು, ಸಣ್ಣದು.
ಆದರೆ ಸಣ್ಣದು ಮರದಲ್ಲೇ ಸಣ್ಣದು.
ದೊಡ್ಡದನ್ನು ಕಚ್ಚಿ ಸಣ್ಣದು ಮಾಡಿ
ಯಾರೂ ಬುಟ್ಟಿಗೆ ಹಾಕುತ್ತಿರಲಿಲ್ಲ."
ಅಷ್ಟರಲ್ಲಿ ಬೆಲ್ಲು. ಊಟದ ಡಬ್ಬಿಗಳ ಸದ್ದು.

ನೌಕರರ ರಿಯಾಯಿತಿಯಲ್ಲಿ ಅವಳು ಕೊಂಡದ್ದು 'ಮೂರು',
ನರ್ಸಿಂಗ್ ಓದುವ ಮಗಳಿಗೆ.
ಡಿಸೆಂಬರಿನಲ್ಲಿ ಅದು ರಿಪೇರಿಗೆ ಬಂತು,
ಕೀಲಿಮಣೆಗೆ ಚಹಾ ಬಿದ್ದಿತ್ತಂತೆ.
ತಪಾಸಣೆಯ ಹುಡುಗ ಓಡೋಡಿ ಮೇಲೆ ಬಂದ:
"ಸರ್, ಸೀಲು ಒಡೆದಿದೆ. ವೇಗ ನೋಡಿ!"

ನೋಡಿದೆ.
ಎಳ್ಳುಕಾಳು ಇದ್ದ ಜಾಗದಲ್ಲಿ
ಎರಡು ಬೆಳ್ಳಿಚುಕ್ಕೆ, ನೆಕ್ಕಿಟ್ಟಂತೆ ನುಣುಪು.
ಇಡೀ ಸಾಲಿನಲ್ಲಿ ಇಷ್ಟು ಚೊಕ್ಕ ಬೆಸುಗೆ ಬಿಡಿಸುವ ಕೈ
ಒಂದೇ ಒಂದು.

ಕಾರಣದ ಕಾಲಮ್ಮಿನಲ್ಲಿ 'ಚಹಾ' ಎಂದಷ್ಟೇ ಬರೆದೆ.
ಕೀಲಿಮಣೆ ಬದಲಿಸಿ ಕಳಿಸಿ, ಅಂದೆ.

ವರ್ಷದ ಕೊನೆಯ ಪಟ್ಟಿ ಈಗ ನನ್ನ ಮುಂದಿದೆ.
ಎಲ್ಲ ಯಂತ್ರಗಳೂ ತಮ್ಮ ತಮ್ಮ ಚೌಕದಲ್ಲಿ ಕೂತಿವೆ,
ಅದೊಂದು ಬಿಟ್ಟು.
ಕೊಂಡದ್ದು ಮೂರು, ಓಡುವುದು ಐದು.
ನಡುವೆ ಒಂದು ಅಂಕಿ ಬರುತ್ತದೆ, ಗೊತ್ತು.
ಈ ಕಟ್ಟಡದಲ್ಲಿ ಅದನ್ನು
ಬಾಯಿಬಿಟ್ಟು ಹೇಳುವಂತಿಲ್ಲ.